ರೋಗಿಯ ಜನಾಂಗ ಬರೆದುಕೊಂಡರೆ ಸಾಕೇ? ಇಲ್ಲಿನ ಕೇಸ್ ಶೀಟು, ಊರಿನ ಕೇಸ್ ಶೀಟು

ಇಲ್ಲಿ ಅಮೆರಿಕದಲ್ಲಿ ಮೆಡಿಕಲ್ ವಿದ್ಯಾರ್ಥಿ ವಾರ್ಡಿನಲ್ಲಿ ರೋಗಿಯ ವಿವರ ಒಪ್ಪಿಸುವಾಗ ಮೊದಲ ವಾಕ್ಯ ಬಹುಕಾಲ ಹೀಗಿರುತ್ತಿತ್ತು, ಎಷ್ಟೋ ಕಡೆ ಈಗಲೂ ಹೀಗೇ ಇದೆ: "52 ವರ್ಷದ ಆಫ್ರಿಕನ್ ಅಮೆರಿಕನ್ ಗಂಡಸು, ಎರಡು ದಿನದಿಂದ ಎದೆನೋವು." ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಫೈನಲ್ ಇಯರ್ ಓದುವವರು ಕೇಸ್ ಪ್ರೆಸೆಂಟ್ ಮಾಡುವಾಗ ಬರುವ ವಾಕ್ಯ ಇದು: "52 ವರ್ಷದ ಗಂಡಸು, ಧರ್ಮ ಹಿಂದೂ, ಕೂಲಿ ಕೆಲಸ, ಹಿರಿಯೂರು ತಾಲ್ಲೂಕಿನವರು, ಎರಡು ದಿನದಿಂದ ಎದೆನೋವು."

ಎರಡರಲ್ಲೂ ಕಾಯಿಲೆಗಿಂತ ಮುಂಚೆ ಒಂದು ಗುರುತು ಬಂದು ಕೂತಿದೆ. ಇಲ್ಲಿ ಜನಾಂಗ, ನಮ್ಮಲ್ಲಿ ಧರ್ಮ. ಊರಿನ ವಾಕ್ಯದಲ್ಲಿ ಕೆಲಸ ಮತ್ತು ಊರು ಇರುವುದು ನಿಜಕ್ಕೂ ಒಳ್ಳೆಯದು, ಅದರ ಮಾತು ಮುಂದೆ ಬರುತ್ತದೆ. ಆದರೆ ಧರ್ಮ ಏಕೆ? ಹಿಂದಿನಿಂದ ಸರ್ಜರಿ ಕ್ಲಿನಿಕ್ಸಿನಲ್ಲಿ ಕೊಡುತ್ತ ಬಂದ ಉತ್ತರ: ಮುಸ್ಲಿಮರಲ್ಲಿ ಮತ್ತು ಯಹೂದಿಗಳಲ್ಲಿ ಶಿಶ್ನದ ಕ್ಯಾನ್ಸರ್ ಅಪರೂಪ. ಅಪರೂಪ ಹೌದು, ಅದಕ್ಕೆ ಕಾರಣ ಚಿಕ್ಕಂದಿನಲ್ಲೇ ಆಗುವ ಸುನ್ನತಿ. ಹಾಗಾದರೆ ಸುನ್ನತಿ ಆಗಿದೆಯೇ, ಮುಂದೊಗಲು ಹಿಂದಕ್ಕೆ ಸರಿಯುತ್ತದೆಯೇ ಎಂದು ನೋಡಬೇಕಾದದ್ದು ಪರೀಕ್ಷೆಯಲ್ಲಿ. ಮುಂದೊಗಲು ಬಿಗಿಯಾಗುವ ಫೈಮೋಸಿಸ್‌ಗೆ ಆಪರೇಷನ್ ಮಾಡಿಸಿಕೊಂಡ ಹಿಂದೂ ಇರಬಹುದು. ಕಾಶ್ಮೀರಿಗಳ ಹೊಟ್ಟೆ ಮತ್ತು ತೊಡೆಯ ಚರ್ಮದಲ್ಲಿ ಕಾಣುವ ಕಾಂಗ್ರಿ ಕ್ಯಾನ್ಸರ್ ಕೂಡ ಹಾಗೆಯೇ. ಬಟ್ಟೆಯೊಳಗೆ ಹಿಡಿದುಕೊಳ್ಳುವ ಕೆಂಡದ ಮಡಕೆ ಅದಕ್ಕೆ ಕಾರಣ, ಕಾಶ್ಮೀರಿ ರಕ್ತ ಅಲ್ಲ.

ಜನಾಂಗವನ್ನು ರೋಗದ ಅಪಾಯಾಂಶಗಳ ಪಟ್ಟಿಯಲ್ಲಿ ಬರೆಸಿ ಪಾಠ ಮುಗಿಸುವುದು ಅರ್ಧ ಪಾಠ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಗುರುತಿನ ಹಿಂದೆ ಇರುವುದು ಒಂದು ಜೀನೇ, ಬಡತನವೇ, ಕೆಲಸದ ಧೂಳೇ, ಚರ್ಮದ ಬಣ್ಣವೇ, ಆಸ್ಪತ್ರೆಯವರು ಆ ಜನರನ್ನು ನಡೆಸಿಕೊಂಡ ರೀತಿಯೇ ಎಂದು ಕೇಳುವುದು ಉಳಿದರ್ಧ. ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಅತ್ಯಂತ ಸ್ಪಷ್ಟವಾದ ಸಾಕ್ಷಿ ಕಿಡ್ನಿಯ ಲೆಕ್ಕ.

ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಶೋಧಿಸುತ್ತಿದೆ ಎಂದು ನೇರವಾಗಿ ಅಳೆಯುವುದು ತ್ರಾಸದ ಕೆಲಸ. ಹಾಗಾಗಿ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಎಷ್ಟಿದೆ ಎಂದು ನೋಡಿ, ವಯಸ್ಸು ಮತ್ತು ಲಿಂಗ ಸೇರಿಸಿ, ಸೂತ್ರದಿಂದ ಇಜಿಎಫ್‌ಆರ್ ಎಂಬ ಅಂದಾಜು ತೆಗೆಯುತ್ತಾರೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. 1999ರ ಎಂಡಿಆರ್‌ಡಿ ಸೂತ್ರದಲ್ಲೂ 2009ರ ಸಿಕೆಡಿ-ಎಪಿ ಸೂತ್ರದಲ್ಲೂ ರೋಗಿ ಕಪ್ಪು ಜನಾಂಗದವರಾದರೆ ಬಂದ ಉತ್ತರವನ್ನು ಇನ್ನೊಂದು ಸಂಖ್ಯೆಯಿಂದ ಗುಣಿಸಬೇಕಿತ್ತು. 2009ರದ್ದರಲ್ಲಿ ಆ ಸಂಖ್ಯೆ 1.159. ಅಂದರೆ ಕಿಡ್ನಿ ಸುಮಾರು ಶೇ. 16ರಷ್ಟು ಹೆಚ್ಚು ಚೆನ್ನಾಗಿದೆ ಎಂದು ಬರೆದಂತೆ. ಒಂದೇ ಕ್ರಿಯಾಟಿನಿನ್ ಇದ್ದಾಗ ಕಪ್ಪು ಜನರಲ್ಲಿ ಅಳೆದ ಶೋಧನೆ ಸರಾಸರಿಯಲ್ಲಿ ಹೆಚ್ಚು ಕಂಡಿತ್ತು, ಅವರಿಗೆ ಸ್ನಾಯು ಹೆಚ್ಚು ಎಂಬ ವಿವರಣೆ ಅದಕ್ಕೆ ಅಂಟಿಕೊಂಡಿತು. ಎದುರಿಗೆ ಕೂತ ರೋಗಿಯ ಸ್ನಾಯು ಎಷ್ಟಿದೆ ಎಂದು ಯಾರೂ ನೋಡಬೇಕಾಗಿರಲಿಲ್ಲ, ಜನಾಂಗದ ಕಾಲಂ ನೋಡಿದರೆ ಸಾಕಿತ್ತು.

ಲೆಕ್ಕ ಮಾಡಿಯೇ ನೋಡೋಣ. 55 ವರ್ಷದ ಗಂಡಸು, ಕ್ರಿಯಾಟಿನಿನ್ 3.6 ಮಿಲಿಗ್ರಾಂ. 2009ರ ಸೂತ್ರದಲ್ಲಿ ಕಪ್ಪು ಎಂದು ಬರೆಯದಿದ್ದರೆ ಉತ್ತರ 18. ಕಪ್ಪು ಎಂದು ಬರೆದರೆ 21. ಅಮೆರಿಕದಲ್ಲಿ ಕಿಡ್ನಿ ಕಸಿಗೆ ಕಾಯುವ ದಿನಗಳ ಎಣಿಕೆ ಶುರುವಾಗಬೇಕಾದರೆ, ಡಯಾಲಿಸಿಸ್ ಶುರುವಾಗಿಲ್ಲದವರಿಗೆ, ಈ ಸಂಖ್ಯೆ 20 ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಅದೇ ರಕ್ತ, ಅದೇ ಕಿಡ್ನಿ, ಒಬ್ಬನಿಗೆ ಇವತ್ತಿನಿಂದ ಸರದಿ, ಇನ್ನೊಬ್ಬನಿಗೆ "ಇನ್ನೂ ಸ್ವಲ್ಪ ಹಾಳಾಗಲಿ, ಆಮೇಲೆ ಬಾ." ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಬರುವವರ ಪ್ರಮಾಣ ಬಿಳಿಯರಿಗಿಂತ ಕಪ್ಪು ಅಮೆರಿಕನ್ನರಲ್ಲೇ ಬಹಳ ಹೆಚ್ಚು. ಹಾಗಿದ್ದೂ ಅವರನ್ನೇ ತಡವಾಗಿ ಸಾಲಿಗೆ ಸೇರಿಸುವ ಸೂತ್ರವನ್ನು ಎರಡು ದಶಕ ಪಾಠ ಹೇಳಿಕೊಟ್ಟರು, ಪರೀಕ್ಷೆಯಲ್ಲಿ ಕೇಳಿದರು, ಲ್ಯಾಬಿನ ಕಂಪ್ಯೂಟರಿಗೆ ತುಂಬಿಸಿದರು.

2021ರಲ್ಲಿ ನ್ಯಾಷನಲ್ ಕಿಡ್ನಿ ಫೌಂಡೇಶನ್ ಮತ್ತು ಅಮೆರಿಕನ್ ಸೊಸೈಟಿ ಆಫ್ ನೆಫ್ರಾಲಜಿ ಸೇರಿ ನೇಮಿಸಿದ ಕಾರ್ಯಪಡೆ ಜನಾಂಗವಿಲ್ಲದ ಹೊಸ ಸೂತ್ರ ಬಳಸಿ ಎಂದು ಹೇಳಿತು. ಅದೇ 55 ವರ್ಷದವನಿಗೆ ಹೊಸ ಸೂತ್ರದಲ್ಲಿ, ಯಾವ ಜನಾಂಗದವನಾದರೂ, ಉತ್ತರ 19. ಕಸಿಯ ಸಾಲಿಗೆ ಜನಾಂಗ ಸೇರಿಸಿದ ಲೆಕ್ಕ ಬಳಸಕೂಡದು ಎಂಬ ನಿಯಮ 2022ರಲ್ಲಿ ಬಂತು. 2023ರ ಜನವರಿಯಿಂದ, ಹಳೇ ಲೆಕ್ಕದಿಂದ ಹಿಂದೆ ಬಿದ್ದ ಕಪ್ಪು ರೋಗಿಗಳಿಗೆ ಕಳೆದುಹೋದ ಕಾಯುವ ದಿನಗಳನ್ನು ಜಮಾ ಮಾಡಿಕೊಡುವ ವ್ಯವಸ್ಥೆಯೂ ಆಯಿತು. ತಪ್ಪನ್ನು ಒಪ್ಪಿಕೊಂಡದ್ದಷ್ಟೇ ಅಲ್ಲ, ದಿನಗಳನ್ನು ಹಿಂದಕ್ಕೆ ಕೊಟ್ಟದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇದು ಅಮೆರಿಕದ ರಗಳೆ, ನಮಗೇನು ಎನ್ನುವಂತಿಲ್ಲ. ಬೆಂಗಳೂರಿನ ಲ್ಯಾಬ್ ರಿಪೋರ್ಟಿನಲ್ಲೂ ಇದೇ ಸೂತ್ರಗಳು ಓಡುತ್ತವೆ. ಮಾಂಸ ತಿನ್ನದ, 40 ಕೆಜಿ ತೂಗುವ 70 ವರ್ಷದ ಅಜ್ಜಿಗೆ ಸ್ನಾಯು ಕಡಿಮೆ, ಆದ್ದರಿಂದ ಕ್ರಿಯಾಟಿನಿನ್ ಕಡಿಮೆ, ಆದ್ದರಿಂದ ಕಾಗದದ ಮೇಲೆ ಕಿಡ್ನಿ ಚೆನ್ನಾಗಿದೆ. ಆ ಸಂಖ್ಯೆ ನಂಬಿ ಪೂರ್ತಿ ಡೋಸ್ ಔಷಧ ಬರೆದರೆ ತೊಂದರೆ. ಜಿಮ್‌ನಲ್ಲಿ ಮೈ ಬೆಳೆಸಿದ ಹುಡುಗನದು, ಕಾಲು ತೆಗೆದ ಮಧುಮೇಹಿಯದು ಬೇರೆ ಬೇರೆ ಬಗೆಯ ತಪ್ಪು. ಇಂಥ ಕಡೆಯೆಲ್ಲ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಪರೀಕ್ಷೆ ಮಾಡಿಸಿ ತಾಳೆ ನೋಡಬೇಕು. ಸೂತ್ರದಿಂದ ಜನಾಂಗ ಹೋದ ಮೇಲೂ ವಿದ್ಯಾರ್ಥಿ ಕಲಿಯಬೇಕಾದದ್ದು ರೋಗಿಯ ತೋಳು ತೊಡೆ ನೋಡುವುದನ್ನು.

ಅಷ್ಟಕ್ಕೂ ಈ ಜನಾಂಗದ ಕಾಲಂ ಎಷ್ಟು ಗಟ್ಟಿ? ಇದಕ್ಕೆ ಭಾರತೀಯರಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಎಂದಿತು. 1930 ಮತ್ತು 1940ರ ಜನಗಣತಿಯಲ್ಲಿ ನಮ್ಮವರ ಜನಾಂಗ 'ಹಿಂದೂ', ಅದರಲ್ಲಿ ಸಿಖ್ಖರೂ ಮುಸ್ಲಿಮರೂ ಸೇರಿದ್ದರು. 1970ರ ಗಣತಿಯಲ್ಲಿ ನಾವು ಬಿಳಿಯರು. 1980ರಲ್ಲಿ ಏಷ್ಯನ್ನರು. ಒಬ್ಬ ಮನುಷ್ಯ ತನ್ನ ಒಂದೇ ಆಯುಷ್ಯದಲ್ಲಿ, ಒಂದು ಜೀನೂ ಬದಲಾಗದೆ, ಮೂರು ಜನಾಂಗ ದಾಟಬಹುದಿತ್ತು. ಆಡಳಿತಕ್ಕಾಗಿ, ಲೆಕ್ಕಕ್ಕಾಗಿ, ಭೇದಭಾವ ಎಲ್ಲಿದೆ ಎಂದು ಹುಡುಕುವುದಕ್ಕಾಗಿ ಈ ವಿಂಗಡಣೆ ಬೇಕು, ಬೇಡ ಎನ್ನುವವನು ನಾನಲ್ಲ. ಅದನ್ನೇ ಕಾಯಿಲೆಯ ಮೂಲ ಎಂದುಕೊಳ್ಳುವುದು ತಪ್ಪು.

'ಏಷ್ಯನ್' ಎಂಬ ಕಾಲಂನ ಒಳಗೆ ಏನಿದೆ ಎಂದು ಕಾರ್ಬಮಜೆಪಿನ್ ಮಾತ್ರೆ ತೋರಿಸಿಕೊಡುತ್ತದೆ. ಫಿಟ್ಸ್‌ಗೆ ಕೊಡುವ ಔಷಧ. ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ಮಾದರಿ ಇರುವವರಿಗೆ ಇದರಿಂದ ಚರ್ಮ ಸುಲಿದು ಜೀವಕ್ಕೇ ಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಆಗುವ ಅಪಾಯ ಬಹಳ ಹೆಚ್ಚು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಏಷ್ಯನ್ ಮೂಲದವರಿಗೆ ಕೊಡುವ ಮುಂಚೆ ಪರೀಕ್ಷೆ ಮಾಡಿಸಿ ಎಂದು ಎಚ್ಚರಿಕೆ ಹಾಕಿತು. ಎಚ್ಚರಿಕೆ ಸರಿಯಾದದ್ದೇ, ಜೀವ ಉಳಿಸುವಂಥದ್ದು. ಆದರೆ ಆ ಮಾದರಿ ಥಾಯ್ಲೆಂಡ್, ಮಲೇಷ್ಯಾ, ಫಿಲಿಪೀನ್ಸ್‌ನ ಕೆಲವು ಕಡೆ ನೂರಕ್ಕೆ 15ಕ್ಕಿಂತ ಹೆಚ್ಚು ಜನರಲ್ಲಿದೆ, ಜಪಾನ್ ಮತ್ತು ಕೊರಿಯಾದಲ್ಲಿ ನೂರಕ್ಕೆ ಒಂದೂ ಇಲ್ಲ, ದಕ್ಷಿಣ ಏಷ್ಯಾದಲ್ಲಿ ಎರಡರಿಂದ ನಾಲ್ಕು. ಎಲ್ಲರೂ ಒಂದೇ ಕಾಲಂ. ವಿದ್ಯಾರ್ಥಿ ನೆನಪಿಡಬೇಕಾದದ್ದು ಜೀನಿನ ಹೆಸರು, ಪರೀಕ್ಷೆಯ ಹೆಸರು. 'ಏಷ್ಯನ್' ಎಂಬುದು ಯಾರಿಗೆ ಮೊದಲು ಪರೀಕ್ಷೆ ಮಾಡಿಸಬೇಕು ಎಂಬ ಸೂಚನೆ ಮಾತ್ರ.

ಕಪ್ಪು ಜನರ ಕಿಡ್ನಿ ರೋಗಕ್ಕೂ ಒಂದು ನಿಜವಾದ ಜೀನು ಸಿಕ್ಕಿದೆ. ಎಪಿಒಎಲ್-1 ಎಂದು ಹೆಸರು, 2010ರಲ್ಲಿ ಗೊತ್ತಾದದ್ದು. ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿ ಕಾಣುವ, ನಿದ್ರಾರೋಗ ತರುವ ಪರೋಪಜೀವಿಯಿಂದ ರಕ್ಷಣೆ ಕೊಡುವ ಎರಡು ರೂಪಗಳು, ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಿಡ್ನಿಗೆ ಅಪಾಯ. ಆದರೆ ಹೀಗೆ ಎರಡೂ ಪ್ರತಿ ಇರುವವರು ಆಫ್ರಿಕನ್ ಅಮೆರಿಕನ್ನರಲ್ಲಿ ಸುಮಾರು ಶೇ. 13 ಮಾತ್ರ. ಇಥಿಯೋಪಿಯಾದಿಂದ ಬಂದವರಲ್ಲಿ ಈ ರೂಪಗಳು ಇಲ್ಲವೆನ್ನುವಷ್ಟು ಕಡಿಮೆ. 'ಕಪ್ಪು ಜನಾಂಗ ಒಂದು ಅಪಾಯಾಂಶ' ಎಂದು ಕಲಿತವನಿಗೆ ಈ ನೂರು ಜನರೂ ಒಂದೇ. ಜೀನ್ ಪರೀಕ್ಷೆ ಕಲಿತವನಿಗೆ ಹದಿಮೂರು ಜನ ಬೇರೆ, ಎಂಬತ್ತೇಳು ಜನ ಬೇರೆ. ಆ ಎಂಬತ್ತೇಳರಲ್ಲಿ ಬಿಪಿ ಏರಿ ಕಿಡ್ನಿ ಕೆಟ್ಟರೆ ಕಾರಣ ಬೇರೆ ಕಡೆ ಹುಡುಕಬೇಕು: ವಿಮೆ ಇತ್ತೇ, ಮಾತ್ರೆ ಸಿಕ್ಕಿತೇ, ಎಷ್ಟು ವರ್ಷ ಯಾರೂ ಬಿಪಿ ನೋಡಿರಲಿಲ್ಲ.

ಜನಾಂಗದ ಈ ಅರ್ಧ ಪಾಠ ಕಲಿಸುವ ಜಾಗ ಪರೀಕ್ಷೆಯ ಪ್ರಶ್ನೆಪತ್ರಿಕೆ. ಅಮೆರಿಕದ ಲೈಸೆನ್ಸ್ ಪರೀಕ್ಷೆಗೆ ಓದಿದ ಯಾರನ್ನು ಬೇಕಾದರೂ ಕೇಳಿ: ಪ್ರಶ್ನೆಯಲ್ಲಿ 'ಆಫ್ರಿಕನ್ ಅಮೆರಿಕನ್ ಯುವತಿ, ಒಣಕೆಮ್ಮು, ಎಕ್ಸ್-ರೇಯಲ್ಲಿ ಎರಡೂ ಕಡೆ ಗ್ರಂಥಿ' ಎಂದು ಕಂಡ ಕೂಡಲೇ ಬೆರಳು ಶ್ವಾಸಕೋಶ, ಗ್ರಂಥಿಗಳಲ್ಲಿ ಉರಿಯೂತದ ಗಂಟು ಕಟ್ಟುವ ಸಾರ್ಕಾಯ್ಡೋಸಿಸ್ ಮೇಲೆ ಹೋಗುತ್ತದೆ. ನಮ್ಮ ಪಿಜಿ ಎಂಟ್ರೆನ್ಸ್ ತಯಾರಿಯ ಹುಡುಗರೂ ಅಮೆರಿಕದ ಅವೇ ಪುಸ್ತಕ ಓದಿ ಅದೇ ಜೋಡಿ ಉರು ಹೊಡೆಯುತ್ತಾರೆ. ಅದರ ಇನ್ನೊಂದು ಮುಖ ನಮ್ಮ ವಾರ್ಡುಗಳಲ್ಲಿ ಕಾಣುತ್ತದೆ. ಸಾರ್ಕಾಯ್ಡ್ ಇರುವುದು ಕಪ್ಪು ಜನರಿಗೆ, ಸ್ಕ್ಯಾಂಡಿನೇವಿಯಾದವರಿಗೆ ಎಂಬ ನಂಬಿಕೆ. ನಮ್ಮವರ ಎದೆಯಲ್ಲಿ ಗ್ರಂಥಿ ಊದಿದರೆ ಅದು ಟಿಬಿ ಎಂದುಕೊಂಡು ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿ, ಕಡಿಮೆಯಾಗದೆ ಇದ್ದಾಗ 'ಔಷಧಕ್ಕೆ ಬಗ್ಗದ ಟಿಬಿ' ಎಂದು ಇನ್ನೂ ಘಾಟಿ ಮಾತ್ರೆಗೆ ಹೋಗುವುದು. ಟಿಬಿ ನಮ್ಮಲ್ಲಿ ಹೆಚ್ಚು ಎನ್ನುವುದು ಸುಳ್ಳಲ್ಲ, ಅದನ್ನು ಮೊದಲು ಯೋಚಿಸುವುದೇ ಸರಿ. ಆದರೆ ನಿರ್ಧಾರ ಮಾಡಬೇಕಾದದ್ದು ಗ್ರಂಥಿಯಿಂದ ತೆಗೆದ ತುಣುಕು: ಉರಿಯೂತದ ಗಂಟಿನ, ಅಂದರೆ ಗ್ರಾನುಲೋಮಾದ, ನಡುವೆ ಕೊಳೆತ ಭಾಗ ಇದೆಯೇ, ಟಿಬಿ ಕ್ರಿಮಿ ಸಿಕ್ಕಿತೇ, ಆ ಕ್ರಿಮಿಯ ಜೀನು ಹುಡುಕುವ ಜೀನ್‌ಎಕ್ಸ್‌ಪರ್ಟ್ ಏನು ಹೇಳಿತು, ಕ್ಯಾಲ್ಸಿಯಂ ಎಷ್ಟಿದೆ, ಕಣ್ಣಿನಲ್ಲಿ ಉರಿಯೂತ ಇದೆಯೇ. ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಆನುವಂಶಿಕ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್ ಕಥೆಯೂ ಇದೇ. ಬಿಳಿಯರ ಕಾಯಿಲೆ ಎಂದು ಓದಿದವರು ಪದೇ ಪದೇ ನ್ಯುಮೋನಿಯಾ ಆಗುವ, ತೂಕ ಏರದ ನಮ್ಮ ಮಗುವಿಗೆ ಬೆವರಿನ ಕ್ಲೋರೈಡ್ ಪರೀಕ್ಷೆ ಬರೆಯುವುದೇ ಇಲ್ಲ. ಬರೆದರೆ, 60 ಮಿಲಿಮೋಲ್ ದಾಟಿದರೆ ರೋಗದ ಗುರುತು ಸಿಕ್ಕಂತೆ. ಯೂರೋಪಿಯನ್ನರಿಗಾಗಿ ಮಾಡಿದ ಜೀನ್ ಕಿಟ್ ನಮ್ಮವರ ಎಷ್ಟೋ ರೂಪಾಂತರಗಳನ್ನು ಹಿಡಿಯುವುದಿಲ್ಲ, ಬೆವರಿಗೆ ಆ ತೊಂದರೆ ಇಲ್ಲ.

ಇಂಥ ಪಾಠ ಬರೀ ರೋಗನಿರ್ಣಯದಲ್ಲಿ ನಿಲ್ಲುವುದಿಲ್ಲ, ಮನಸ್ಸಿಗೆ ಇಳಿಯುತ್ತದೆ. 2016ರಲ್ಲಿ ವರ್ಜೀನಿಯಾದಲ್ಲಿ 222 ಬಿಳಿಯ ಮೆಡಿಕಲ್ ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿರುವ ವೈದ್ಯರಾದ ರೆಸಿಡೆಂಟರ ಮೇಲೆ ನಡೆದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನ, ಕಪ್ಪು ಜನರ ಚರ್ಮ ದಪ್ಪ, ನರಗಳು ಕಡಿಮೆ ಚುರುಕು, ರಕ್ತ ಬೇಗ ಹೆಪ್ಪುಗಟ್ಟುತ್ತದೆ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು, ಅವರು ಹೇಳಿದ ಚಿಕಿತ್ಸೆಯೂ ಕಡಿಮೆ ಸರಿಯಾಗಿತ್ತು. ಇವರು ಕೆಟ್ಟವರಲ್ಲ. ಪುಟಪುಟವೂ ಜನಾಂಗವನ್ನು ದೇಹದ ಗುಣ ಎಂದು ಓದಿದವರು.

ಉಸಿರಿನ ಯಂತ್ರದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಜನರಿಗೆ ನೇರವಾಗಿ ತಟ್ಟುವುದು ಇದೇ. ಸ್ಪೈರೋಮೀಟರಿನಲ್ಲಿ ಊದಿಸುವ ಮುಂಚೆ ಟೆಕ್ನಿಷಿಯನ್ ವಯಸ್ಸು, ಎತ್ತರ, ಲಿಂಗ, ಜನಾಂಗ ತುಂಬಿಸುತ್ತಾರೆ. ಯಂತ್ರ ಅದರ ಮೇಲೆ 'ನಿಮ್ಮಂಥವರು ಇಷ್ಟು ಊದಬೇಕು' ಎಂಬ ನಿರೀಕ್ಷಿತ ಸಂಖ್ಯೆ ತೆಗೆಯುತ್ತದೆ. ಕಪ್ಪು ಜನರ ಶ್ವಾಸಕೋಶ ಹುಟ್ಟಿನಿಂದಲೇ ಕಡಿಮೆ ಎಂದು ಸಾರಿದವರಲ್ಲಿ ಒಬ್ಬ ಲೂಯಿಸಿಯಾನಾದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, 1851ರಲ್ಲಿ. ಗುಲಾಮರನ್ನು ದುಡಿಸುವುದೇ ಅವರ ಉಸಿರಿಗೆ ಒಳ್ಳೆಯದು ಎಂದು ವಾದಿಸಿದ ಮನುಷ್ಯ. ಅಲ್ಲಿಂದ ಬಂದ ಕಡಿತ, ಕಪ್ಪು ಜನರಿಗೆ ನೂರಕ್ಕೆ 10ರಿಂದ 15, ಏಷ್ಯನ್ನರಿಗೆ 4ರಿಂದ 6, ಈಗಿನ ಕಾಲದ ಯಂತ್ರದವರೆಗೂ ಉಳಿಯಿತು. ನಮ್ಮಲ್ಲಿ ಬಿಳಿಯರ ಸಂಖ್ಯೆಯನ್ನು 0.9ರಿಂದ ಗುಣಿಸುವ ಅಭ್ಯಾಸ ರೂಢಿಯಲ್ಲಿದೆ.

ಕಲ್ಲು ಒಡೆಯುವ ಕ್ವಾರಿಯಲ್ಲಿ ಹದಿನೈದು ವರ್ಷ ದುಡಿದ ಒಬ್ಬರನ್ನು ಯೋಚಿಸಿ. ಗುಣಿಸದಿದ್ದರೆ ನಿರೀಕ್ಷೆ 4 ಲೀಟರ್, ಗುಣಿಸಿದರೆ 3.6. ಅವರು ಊದಿದ್ದು 3.1. ಮೊದಲ ಲೆಕ್ಕದಲ್ಲಿ ನೂರಕ್ಕೆ 78, ಎರಡನೆಯದರಲ್ಲಿ 86. ಎಷ್ಟೋ ಕಡೆ ಇನ್ನೂ 80 ಎಂಬ ಗೆರೆಯನ್ನೇ ನೋಡುವುದರಿಂದ, ಒಂದರಲ್ಲಿ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಅನುಮಾನ, ಇನ್ನೊಂದರಲ್ಲಿ 'ಏನೂ ಇಲ್ಲ, ಹೋಗಿ ಬನ್ನಿ.' ಪರಿಹಾರದ ಅರ್ಜಿ ಅಲ್ಲಿಗೇ ಬಿತ್ತು.

2023ರ ಏಪ್ರಿಲ್‌ನಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಜನಾಂಗವಿಲ್ಲದ ಸರಾಸರಿ ಸಮೀಕರಣ ಬಳಸಲು ಹೇಳಿತು. ಇದರಿಂದ ಎಲ್ಲ ನೇರವಾಯಿತು ಎಂದು ನಾನು ಹೇಳುವುದಿಲ್ಲ. ಈಗ ಕಪ್ಪು ರೋಗಿಯ ಸಂಖ್ಯೆ ಕೆಳಗೆ ಬಂದು, ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಿದರೆ ತಡೆದುಕೊಳ್ಳಲಾರರು ಎಂದು ಸರ್ಜನ್ ಹಿಂಜರಿಯಬಹುದು; ಅಗ್ನಿಶಾಮಕ ದಳದ ಕೆಲಸಕ್ಕೆ ದೇಹದಾರ್ಢ್ಯ ಸಾಲದು ಎನ್ನಬಹುದು. ಭಾರತೀಯರಿಗೆ ಭಾರತೀಯರದ್ದೇ ಸಮೀಕರಣ ಮಾಡಿದರಾಯಿತು ಎನ್ನುವವರಿಗೂ ಒಂದು ತೊಡಕಿದೆ. 'ಆರೋಗ್ಯವಂತರು' ಎಂದು ಆರಿಸಿದವರೇ ಸೌದೆ ಒಲೆಯ ಹೊಗೆಯಲ್ಲಿ ಬೆಳೆದು, ಚಿಕ್ಕಂದಿನಲ್ಲಿ ಹೊಟ್ಟೆಗೆ ಸಾಲದೆ ಇದ್ದವರಾದರೆ, ಆ ಹೊಗೆಯೂ ಆ ಹಸಿವೂ 'ನಾರ್ಮಲ್' ಎಂಬ ಸಂಖ್ಯೆಯ ಒಳಗೆ ಸೇರಿಹೋಗುತ್ತವೆ. ಆದ್ದರಿಂದ ಒಂದು ದಿನದ ಒಂದು ಸಂಖ್ಯೆಗಿಂತ, ಕೆಲಸಕ್ಕೆ ಸೇರಿದ ದಿನ ಊದಿಸಿ ಇಟ್ಟುಕೊಂಡು, ವರ್ಷ ವರ್ಷ ಅದೇ ಮನುಷ್ಯನ ಉಸಿರು ಎಷ್ಟು ಇಳಿಯಿತು ಎಂದು ನೋಡುವುದೇ ನ್ಯಾಯ. ತನಗೆ ತಾನೇ ಹೋಲಿಕೆ. ಅಲ್ಲಿ ಜನಾಂಗ ಬೇಕಾಗುವುದೇ ಇಲ್ಲ.

ಇನ್ನು ಊರಿನ ಪದ್ಧತಿ ಮೇಲಾಗಿರುವ ಕಡೆಗೆ ಬರೋಣ. ನಮ್ಮ ಕಡೆ ಮಕ್ಕಳ ವಾರ್ಡಿನಲ್ಲಿ ತಾಯಿಯನ್ನು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು: "ಸಂಬಂಧದಲ್ಲಿ ಮದುವೆಯಾಗಿದ್ದೀರಾ ತಾಯಿ? ಯಾವ ವರಸೆ?" ಸೋದರಮಾವನನ್ನೇ ಮದುವೆಯಾಗಿದ್ದರೆ, ಮಗುವಿಗೆ ಒಂದೇ ಪೂರ್ವಜರ ಜೀನಿನ ಎರಡೂ ಪ್ರತಿ ಬಂದಿರುವ ಸಾಧ್ಯತೆ ಪ್ರತಿ ಜೀನಿಗೂ ಎಂಟರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳು ಆದರೆ ಹದಿನಾರರಲ್ಲಿ ಒಂದು. ಇದು ಲೆಕ್ಕಕ್ಕೆ ಸಿಗುವ, ಜೀವಶಾಸ್ತ್ರಕ್ಕೆ ನೇರ ತಗಲುವ ಪ್ರಶ್ನೆ. ಕೇಳುವುದಕ್ಕೆ ಅರ್ಧ ನಿಮಿಷ. ಅಮೆರಿಕದ ಹಿಸ್ಟರಿ ಫಾರಂನಲ್ಲಿ ಜನಾಂಗದ ಕಾಲಂ ಖಂಡಿತ ಇರುತ್ತದೆ, ಈ ಪ್ರಶ್ನೆ ಸಾಮಾನ್ಯವಾಗಿ ಜೆನೆಟಿಕ್ಸ್ ವಿಭಾಗಕ್ಕೆ ಹೋದ ಮೇಲೆಯೇ ಬರುವುದು. ಇಲ್ಲಿನ ವಿದ್ಯಾರ್ಥಿಗಳಿಗೆ ನಮ್ಮವರಿಂದ ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯುವುದಿಲ್ಲ.

ನಮ್ಮಲ್ಲಿ ಜೀನುಗಳ ಗುಂಪು ಕಟ್ಟಿರುವುದು ಜನಾಂಗದಿಂದಲ್ಲ, ಹತ್ತಾರು ತಲೆಮಾರು ತಮ್ಮೊಳಗೇ ಮದುವೆಯಾಗುತ್ತ ಬಂದ ಒಳಜಾತಿಗಳಿಂದ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟ, ಮಂಡಿ ಸವೆದು ನಡೆಯಲಾರದ, ಎತ್ತರ ಬೆಳೆಯದ ಜನ ಕಂಡುಬಂದರು. ಗದ್ದೆಯ ಕೀಟನಾಶಕ, ಆ ಗದ್ದೆಯ ಏಡಿ ತಿನ್ನುವುದು ಎಂದೆಲ್ಲ ಅನುಮಾನಗಳಿದ್ದವು. ಚನ್ನಂಗಿ ಮತ್ತು ಛಲವಾದಿ ಸಮುದಾಯದ ಕೆಲವು ಕುಟುಂಬಗಳಲ್ಲೇ ಅದು ಇಳಿದು ಬರುತ್ತಿದ್ದದ್ದನ್ನು ವಂಶವೃಕ್ಷ ಬರೆದು ನೋಡಿದಾಗ ಮೂಳೆ ಬೆಳವಣಿಗೆಯ ಆನುವಂಶಿಕ ದೋಷ ಎಂದು ತಿಳಿಯಿತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಗಮನಿಸಿ: ಜಾತಿ ಇಲ್ಲಿ ದಾರಿ ತೋರಿಸಿತು, ಆದರೆ ಕಾಯಿಲೆ ಇರುವುದು ಕುಟುಂಬದಲ್ಲಿ. ಆ ಸಮುದಾಯದ ಎಲ್ಲರನ್ನೂ ಅನುಮಾನದಿಂದ ನೋಡುವುದು ವಿಜ್ಞಾನವೂ ಅಲ್ಲ, ಮಾನವೀಯತೆಯೂ ಅಲ್ಲ.

ಅರಿವಳಿಕೆ ವಿಭಾಗದಲ್ಲಿ ಇನ್ನೊಂದು ಪಾಠ ಬಾಯಿಂದ ಬಾಯಿಗೆ ಬರುತ್ತದೆ: ವೈಶ್ಯ ಸಮುದಾಯದವರಿಗೆ ಆಪರೇಷನ್ನಿಗೆ ಮುಂಚೆ ಸ್ನಾಯು ಸಡಿಲಿಸುವ ಸ್ಕೋಲಿನ್ ಕೊಡುವಾಗ ಜೋಕೆ. ಕೆಜಿಗೆ 1ರಿಂದ 1.5 ಮಿಲಿಗ್ರಾಂ ಕೊಟ್ಟರೆ ಐದು ಹತ್ತು ನಿಮಿಷದಲ್ಲಿ ಉಸಿರು ಮರಳಬೇಕು. ಅದನ್ನು ಕರಗಿಸುವ ಸ್ಯೂಡೋಕೋಲಿನೆಸ್ಟರೇಸ್ ಕಿಣ್ವ ಇಲ್ಲದವರಿಗೆ ಗಂಟೆಗಟ್ಟಲೆ ಮರಳುವುದಿಲ್ಲ. ಆ ಸಮುದಾಯದಲ್ಲಿ ಈ ದೋಷ ಹೆಚ್ಚು ಎನ್ನುವುದು ನಿಜ. ಆದರೆ ಜಾತಿ ಕೇಳಿ ನಿಶ್ಚಿಂತರಾದವರು ಎಡವುವುದು ಬೇರೆ ಕಡೆ. ಲಿವರ್ ಕೆಟ್ಟವರಲ್ಲಿ, ಗರ್ಭಿಣಿಯರಲ್ಲಿ, ಮುಖ್ಯವಾಗಿ ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಔಷಧ ಮೈ ಸೇರಿದ ರೈತರಲ್ಲಿ ಈ ಕಿಣ್ವ ಕಡಿಮೆಯಾಗಿರುತ್ತದೆ, ಅವರು ಯಾವ ಜಾತಿಯವರಾದರೂ ಸರಿ. ಕೇಳಬೇಕಾದ ಪ್ರಶ್ನೆ ಎರಡು. "ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಉಸಿರು ಬೇಗ ಬರಲಿಲ್ಲ, ಮೆಷಿನ್ ಮೇಲೆ ಇಟ್ಟಿದ್ದರು ಅಂತ ಆಗಿದೆಯಾ?" ಮತ್ತು "ಈಚೆಗೆ ಹೊಲಕ್ಕೆ ಔಷಧ ಹೊಡೆದಿದ್ದೀರಾ?" ಅನುಮಾನ ಬಂದರೆ ಕಿಣ್ವದ ಮಟ್ಟ ನೋಡಿಸಿ, ಇಲ್ಲವೇ ಸ್ಕೋಲಿನ್ ಬಿಟ್ಟು ಅದೇ ಕೆಲಸ ಮಾಡುವ ರೋಕುರೋನಿಯಂ ಬಳಸಿ.

ಕುಡಗೋಲು ಕಣದ ರಕ್ತಹೀನತೆಯನ್ನು, ಅಂದರೆ ಸಿಕಲ್ ಸೆಲ್ ಕಾಯಿಲೆಯನ್ನು, ಇಲ್ಲಿ ಕಪ್ಪು ಜನರ ಕಾಯಿಲೆ ಎಂದೇ ಕಲಿಸಿದರು. ಅದು ಮಲೇರಿಯಾ ಇದ್ದ ಜಾಗಗಳ ಕಾಯಿಲೆ. ಗ್ರೀಸಿನಲ್ಲಿದೆ, ಸೌದಿಯಲ್ಲಿದೆ, ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲೇ ಗುರುತಿಸಿದ್ದಾರೆ, ಮೈಸೂರು, ಚಾಮರಾಜನಗರದ ಹಾಡಿಗಳಲ್ಲೂ ಇದೆ. ಅಮೆರಿಕದಲ್ಲಿ ಮಗುವಿನ ಜನಾಂಗ ನೋಡಿ ಆರಿಸಿ ಪರೀಕ್ಷಿಸಿದಾಗ ಎಷ್ಟೋ ಮಕ್ಕಳು ಕೈತಪ್ಪಿದರು. ಎಲ್ಲ ಶಿಶುಗಳಿಗೂ ಮಾಡಿ ಎಂದು 1987ರಲ್ಲಿ ತಜ್ಞರ ಸಭೆ ಹೇಳಿತು, 2006ರ ಹೊತ್ತಿಗೆ ಎಲ್ಲ ರಾಜ್ಯಗಳೂ ಹಿಮ್ಮಡಿಯ ಒಂದು ಹನಿ ರಕ್ತದಿಂದ ಎಲ್ಲ ಮಕ್ಕಳನ್ನೂ ನೋಡತೊಡಗಿದವು. ನಮ್ಮಲ್ಲಿ 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು, ಬುಡಕಟ್ಟು ಪ್ರದೇಶಗಳಿಗೆ ಒತ್ತುಕೊಟ್ಟು, ಪರೀಕ್ಷಿಸುವ ಗುರಿ ಇಟ್ಟುಕೊಂಡಿತು. ಹಣ ಕಡಿಮೆ ಇರುವಾಗ ಹೆಚ್ಚು ಇರುವ ಕಡೆ ಮೊದಲು ಹೋಗುವುದು ಸರಿ. ಆದರೆ ಕ್ಯಾಂಪಿನಲ್ಲಿ ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ಜೀನಿನ ಒಂದೇ ಪ್ರತಿ ಇರುವ ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸುವುದಿಲ್ಲ, ಆರು ತಿಂಗಳೊಳಗಿನ ಮಗುವಿನಲ್ಲಿ ತಪ್ಪು ಹೇಳುತ್ತದೆ. ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಮಾಡಿ ತೋರಿಸುವ ಎಚ್‌ಪಿಎಲ್‌ಸಿ ಮಾಡಿ ಖಚಿತಪಡಿಸಿ, ಬರೀ ವಾಹಕ ಎಂದರೆ ಕಾಯಿಲೆಯವರಲ್ಲ ಎಂದು ಅವರ ಮಾತಿನಲ್ಲೇ ತಿಳಿಹೇಳದಿದ್ದರೆ, ಹಾಡಿಯ ಹೆಣ್ಣುಮಗಳಿಗೆ ಸಂಬಂಧ ತಪ್ಪುತ್ತದೆ, ಊರಿನವರ ಬಾಯಲ್ಲಿ ಅದು ಆ ಜನರ ರೋಗ ಎಂದಾಗುತ್ತದೆ.

ಹಾಗಾದರೆ ಎಲ್ಲ ಗುರುತುಗಳನ್ನೂ ಅಳಿಸಿಬಿಡುವುದೇ? ಇಲ್ಲ. ದಕ್ಷಿಣ ಏಷ್ಯಾದವರಿಗೆ, ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 23 ದಾಟಿದರೇ ಸಕ್ಕರೆ ಕಾಯಿಲೆಗೆ ನೋಡಬೇಕು. ಇಲ್ಲಿನ ಡಯಾಬಿಟಿಸ್ ಅಸೋಸಿಯೇಶನ್ ಏಷ್ಯನ್ ಅಮೆರಿಕನ್ನರಿಗೆ 2015ರಿಂದ ಈ ಮಾತು ಹೇಳುತ್ತಿದೆ. ಎಲ್ಲರಿಗೂ ಇರುವ 25ರ ಗೆರೆಗೆ ಕಾದರೆ ಹೊಟ್ಟೆ ಮಾತ್ರ ಬಂದ, ನೋಡಲು ಸಣಕಲಾದ ನಮ್ಮವರು ತಪ್ಪಿಹೋಗುತ್ತಾರೆ. ಇದನ್ನು ಉಳಿಸಿಕೊಳ್ಳಬೇಕು, ಜೊತೆಗೆ ಏಕೆ ಎಂದು ಕಲಿಸಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆಯ ದಾಖಲೆ ಹಿಡಿದು, ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಸಕ್ಕರೆ ಕಾಯಿಲೆಯ ನಂಟು ಬೇರೆ ಬಗೆಯಲ್ಲಿತ್ತು: ಕುಳ್ಳಗೆ ಗುಂಡಗೆ ಹುಟ್ಟಿದವರು, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳು. 'ಭಾರತೀಯರ ಜೀನೇ ಹಾಗೆ' ಎಂದು ಮುಗಿಸಿದವನಿಗೆ ಈ ತಾಯಂದಿರು ಕಾಣುವುದೇ ಇಲ್ಲ, ಬಸುರಿಯ ಊಟ ಮತ್ತು ಬಸುರಿಯ ಸಕ್ಕರೆ ನೋಡಬೇಕೆಂಬುದೂ ಹೊಳೆಯುವುದಿಲ್ಲ.

ಚರ್ಮದ ಬಣ್ಣ ಇನ್ನೊಂದು. ಬೆರಳಿಗೆ ಹಾಕುವ ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ನಿಜಕ್ಕೂ ಕುಸಿದಿದ್ದದ್ದು ಕಪ್ಪು ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6 ಎಂದು 2020ರ ಕೊನೆಗೆ ಪ್ರಕಟವಾಯಿತು. ಇಲ್ಲಿ ಕೆಲಸ ಮಾಡಿದ್ದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ಬೆಳಕು ಮತ್ತು ಸೆನ್ಸರ್. ನಮ್ಮ ದಟ್ಟ ಬಣ್ಣದವರಿಗೂ ಅದೇ ಎಚ್ಚರ ಬೇಕು: ಸಂಖ್ಯೆ ಚೆನ್ನಾಗಿದ್ದು ಏದುಸಿರು ಇದ್ದರೆ ಅಪಧಮನಿಯ ರಕ್ತ ತೆಗೆದು ನೋಡಿ. ನೀಲಿಗಟ್ಟುವುದನ್ನು ತುಟಿಯ ಒಳಗೆ, ನಾಲಿಗೆಯಲ್ಲಿ ಹುಡುಕಬೇಕು.

ಗುರುತನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಒಳ್ಳೆಯ ಮಾದರಿ ಅಮೆರಿಕದಲ್ಲೇ ಇದೆ. ಗರ್ಭಿಣಿಯರಿಗೆ ಬಿಪಿ ಏರುವ ಪ್ರಿ-ಎಕ್ಲಾಂಪ್ಸಿಯಾ ತಡೆಯಲು 12 ವಾರದ ನಂತರ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಯಾರಿಗೆ ಕೊಡಬೇಕು ಎಂಬ 2021ರ ಶಿಫಾರಸಿನಲ್ಲಿ ಕಪ್ಪು ಜನಾಂಗ ಪಟ್ಟಿಯಲ್ಲಿದೆ. ಪಕ್ಕದಲ್ಲೇ, ಇದು ಜೈವಿಕ ಕಾರಣದಿಂದಲ್ಲ, ಸಾಮಾಜಿಕ ಕಾರಣದಿಂದ ಎಂದೂ ಬರೆದಿದೆ. ಕೆಳಗಿನ ಸಾಲಿನಲ್ಲಿ ಕಡಿಮೆ ಆದಾಯ. ಔಷಧ ತಪ್ಪಲಿಲ್ಲ, ಸುಳ್ಳೂ ಕಲಿಸಲಿಲ್ಲ.

ಪಾಠದಲ್ಲಿ ಬದಲಾಯಿಸುವುದು ಕಷ್ಟವೇನಲ್ಲ. ಜನಾಂಗ, ಧರ್ಮ, ಜಾತಿಯನ್ನು ಮೊದಲ ವಾಕ್ಯದಿಂದ ತೆಗೆದು, ಕೆಲಸ, ಮನೆ, ಒಲೆ, ಓದು, ವಿಮೆ ಬರೆಯುವ ಸಾಮಾಜಿಕ ಹಿಸ್ಟರಿಗೆ ಸಾಗಿಸಿ. ರೋಗಿಯೇ ಹೇಳಿದ್ದನ್ನು ಬರೆಯಿರಿ, ಹೆಸರು ಮುಖ ನೋಡಿ ಊಹಿಸಬೇಡಿ. ಪೂರ್ವಜರ ಊರು, ಸಂಬಂಧದ ಮದುವೆ, ಮೂರು ತಲೆಮಾರಿನ ವಂಶವೃಕ್ಷ ಕುಟುಂಬದ ಹಿಸ್ಟರಿಗೆ ಹೋಗಲಿ. ಪ್ರಶ್ನೆಪತ್ರಿಕೆ ತೆಗೆಯುವವರು ಸಾರ್ಕಾಯ್ಡ್ ಪ್ರಶ್ನೆಯಿಂದ ಜನಾಂಗ ಅಳಿಸಿ ಕ್ಯಾಲ್ಸಿಯಂ ಮತ್ತು ಬಯಾಪ್ಸಿ ಕೊಡಲಿ. ಆಗಲೂ ಉತ್ತರ ಬರುವಂತಿದ್ದರೆ ಅದು ಒಳ್ಳೆಯ ಪ್ರಶ್ನೆ. 2019ರಿಂದ ನಮ್ಮ ಎಂಬಿಬಿಎಸ್‌ನಲ್ಲಿ ನೀತಿ ಮತ್ತು ಸಂವಹನ ಕಲಿಸುವ ಏಟ್‌ಕಾಮ್ ತರಗತಿಗಳಿವೆ, ಇದಕ್ಕೆ ಹೊಸ ವಿಷಯ ಹುಟ್ಟುಹಾಕಬೇಕಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ವಿದ್ಯಾರ್ಥಿ 'ಧರ್ಮ ಹಿಂದೂ' ಎಂದು ಶುರು ಮಾಡಿದರೆ ಎಕ್ಸಾಮಿನರ್ ಒಂದೇ ಮಾತು ಕೇಳಲಿ: "ಇದನ್ನು ತೆಗೆದರೆ ನಿನ್ನ ಡಯಾಗ್ನೋಸಿಸ್ ಬದಲಾಗುತ್ತದೆಯೇ, ಏಕೆ?" ಆ ಉತ್ತರಕ್ಕೆ ಎರಡು ಅಂಕ ಇಟ್ಟರೆ ಮುಂದಿನ ವರ್ಷದ ಬ್ಯಾಚ್ ಓದಿಕೊಂಡು ಬರುತ್ತದೆ.